ನಾಲ್ಕು ಹೆಜ್ಜೆ ದಕ್ಷ

ಮೊದಲ ಸೆಮಿಸ್ಟರಿನ ಮೂರನೆಯ ವಾರದಲ್ಲಿ ನಾನು ಒಂದು ಜಿಲ್ಲೆಯ ಬಾವಿಗಳನ್ನೆಲ್ಲ ಅಟ್ಲಾಂಟಿಕ್ ಸಾಗರಕ್ಕೆ ಹಾಕಿದೆ.

ಕೊಟ್ಟಿದ್ದ ಕೆಲಸ ಸುಲಭದ್ದೇ. ಒಂದು ಕೋಷ್ಟಕ, ಅದರಲ್ಲಿ ಬಾವಿಯ ಕ್ರಮಸಂಖ್ಯೆ, ಆಳ, ನೀರಿನ ಮಟ್ಟ, ಅಕ್ಷಾಂಶ, ರೇಖಾಂಶ. ಇವನ್ನು ನಕ್ಷೆಯ ಮೇಲೆ ಚುಕ್ಕೆಗಳಾಗಿ ಮೂಡಿಸಬೇಕು. ಮೂಡಿಸಿದೆ. ಜಿಲ್ಲೆಯ ಗಡಿಯೊಳಗೆ ಒಂದು ಚುಕ್ಕೆಯೂ ಇರಲಿಲ್ಲ. ನಕ್ಷೆಯನ್ನು ಕುಗ್ಗಿಸುತ್ತ ಹೋದೆ. ದೇಶ ಬಂತು, ಖಂಡ ಬಂತು, ಕೊನೆಗೆ ಇಡೀ ಭೂಮಿಯೇ ಬಂತು. ಆಫ್ರಿಕದ ಪಶ್ಚಿಮಕ್ಕಿರುವ ಗಿನಿ ಕೊಲ್ಲಿಯಲ್ಲಿ, ಭೂಮಧ್ಯರೇಖೆಯೂ ಗ್ರೀನಿಚ್ ರೇಖೆಯೂ ಒಂದನ್ನೊಂದು ದಾಟುವ ಜಾಗದಲ್ಲಿ ಒಂದೇ ಒಂದು ಚುಕ್ಕೆ ಕಾಣಿಸಿತು. ಹತ್ತಿರ ಹೋಗಿ ನೋಡಿದರೆ ಅದು ಇನ್ನೂರು ಚಿಲ್ಲರೆ ಬಾವಿಗಳ ರಾಶಿ. ಒಂದು ಚಾಪೆ ಹಾಸುವಷ್ಟು ಜಾಗದಲ್ಲಿ ಇಡೀ ಜಿಲ್ಲೆಯ ಅಂತರ್ಜಲ ಒತ್ತೊತ್ತಾಗಿ ಕುಳಿತಿತ್ತು.

ಆ ಜಾಗಕ್ಕೆ ಕಂಪ್ಯೂಟರ್ ನಕ್ಷೆಯ ಕಸುಬಿನವರು ಇಟ್ಟ ಹೆಸರು ನಲ್ ಐಲ್ಯಾಂಡ್, ಅಂದರೆ ಶೂನ್ಯ ದ್ವೀಪ. ಅಲ್ಲಿ ದ್ವೀಪವೇನೂ ಇಲ್ಲ, ಬರೀ ನೀರು. ಆದರೂ ಜಗತ್ತಿನ ದತ್ತಾಂಶ ಕೋಶಗಳಲ್ಲಿ ನಿರ್ದೇಶಾಂಕ ತುಂಬಲು ಮರೆತ ಮನೆ, ಶಾಲೆ, ಅಪಘಾತ, ಫೋಟೋಗಳೆಲ್ಲ ಸೊನ್ನೆ ಸೊನ್ನೆ ಎಂದು ಓದಿಸಿಕೊಂಡು ಅಲ್ಲಿಗೇ ಹೋಗಿ ನಿಲ್ಲುತ್ತವೆ. ನನ್ನ ತಪ್ಪು ಸ್ವಲ್ಪ ಬೇರೆ ಜಾತಿಯದು. ಕೋಷ್ಟಕದ ಸಂಖ್ಯೆಗಳು ಡಿಗ್ರಿಗಳಲ್ಲಿದ್ದವು, ನಾನು ತಂತ್ರಾಂಶಕ್ಕೆ ಅವು ಮೀಟರುಗಳೆಂದು ಹೇಳಿದ್ದೆ. ಮೂಲಬಿಂದುವಿನಿಂದ ಹತ್ತಾರು ಡಿಗ್ರಿ ಆಚೆಗಿದ್ದ ಬಾವಿ ಹತ್ತಾರು ಮೀಟರ್ ಆಚೆಗೆ ಬಂದು ಬಿತ್ತು. ತಂತ್ರಾಂಶ ನನ್ನ ಮಾತನ್ನು ಅಕ್ಷರಶಃ ನಂಬಿತ್ತು, ಅಷ್ಟೇ.

ಅದನ್ನು ಸರಿಪಡಿಸುವ ಆತುರದಲ್ಲಿ ಎರಡನೆಯ ತಪ್ಪನ್ನೂ ಮಾಡಿದೆ. ದತ್ತಾಂಶ ಯಾವ ನಿರ್ದೇಶಾಂಕ ಪದ್ಧತಿಯಲ್ಲಿದೆ ಎಂದು ಹೆಸರಿಸುವುದಕ್ಕೆ ಒಂದು ಆಜ್ಞೆ, ಅದನ್ನು ಇನ್ನೊಂದು ಪದ್ಧತಿಗೆ ಪರಿವರ್ತಿಸುವುದಕ್ಕೆ ಬೇರೊಂದು ಆಜ್ಞೆ ಇರುತ್ತದೆ. ನಾನು ಪರಿವರ್ತಿಸಬೇಕಾದಲ್ಲಿ ಹೆಸರು ಬದಲಿಸಿದೆ. ತೆಲುಗಿನ ಪತ್ರದ ಮೇಲೆ ‘ಇದು ಕನ್ನಡ’ ಎಂದು ಚೀಟಿ ಅಂಟಿಸುವುದಕ್ಕೂ ಆ ಪತ್ರವನ್ನು ಕನ್ನಡಕ್ಕೆ ಅನುವಾದಿಸುವುದಕ್ಕೂ ಎಷ್ಟು ವ್ಯತ್ಯಾಸವೋ ಇಲ್ಲಿಯೂ ಅಷ್ಟೇ. ಲಿಪಿ ಹೆಚ್ಚುಕಡಿಮೆ ಒಂದೇ ಥರ ಕಾಣುವುದರಿಂದ ದೂರದಿಂದ ನೋಡುವವರಿಗೆ ಗೊತ್ತೂ ಆಗುವುದಿಲ್ಲ. ಇಂದಿಗೂ, ಅನುಭವಸ್ಥರು ಕಳಿಸಿದ ಕಡತಗಳಲ್ಲೂ, ನಾನು ಮೊದಲು ನೋಡುವುದು ಈ ಚೀಟಿಯನ್ನು ಯಾರಾದರೂ ಸುಮ್ಮನೆ ಅಂಟಿಸಿದ್ದಾರೆಯೇ ಎಂದು.

ಭೌಗೋಳಿಕ ಮಾಹಿತಿ ವ್ಯವಸ್ಥೆ ಎಂಬ ಉದ್ದನೆಯ ಹೆಸರಿನ, ಎಲ್ಲರ ಬಾಯಲ್ಲಿ ಜಿಐಎಸ್ ಆಗಿರುವ ಈ ವಿಷಯವನ್ನು ಓದಲು ನಾನು ಸೇರಿದ್ದು ನಕ್ಷೆಗಳ ಮೇಲಿನ ಪ್ರೀತಿಯಿಂದ. ಬಣ್ಣಬಣ್ಣದ ನಕ್ಷೆ ಬಿಡಿಸುತ್ತೇವೆ ಎಂದುಕೊಂಡಿದ್ದೆ. ಮೊದಲ ತಿಂಗಳು ಒಂದು ನಕ್ಷೆಯನ್ನೂ ಬಿಡಿಸಲಿಲ್ಲ. ಭೂಮಿ ಗುಂಡಗಿಲ್ಲ, ಧ್ರುವಗಳಲ್ಲಿ ತುಸು ಚಪ್ಪಟೆ ಎಂಬುದು ಎಲ್ಲರಿಗೂ ಗೊತ್ತು. ಎಷ್ಟು ಚಪ್ಪಟೆ ಎಂಬುದರಲ್ಲಿ ಬೇರೆ ಬೇರೆ ಕಾಲದ ಭೂಮಾಪಕರು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ, ಆ ಪ್ರತಿ ಉತ್ತರದ ಮೇಲೂ ಒಂದೊಂದು ದೇಶದ ನಕ್ಷೆ ನಿಂತಿದೆ ಎಂಬುದು ನನಗೆ ಹೊಸದು. ಈಗ ಮೊಬೈಲಿನ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಎಂಬ ಮಾದರಿಯಲ್ಲಿ ಭೂಮಧ್ಯರೇಖೆಯ ತ್ರಿಜ್ಯ 63,78,137 ಮೀಟರ್. ಹಳೆಯ ಮಾದರಿಗಳಲ್ಲಿ ಅದು ಬೇರೆ, ಭೂಮಿಯ ನಡುಬಿಂದುವೆಂದು ಅವು ಹಿಡಿದ ಜಾಗವೂ ಬೇರೆ. ಹಾಗಾಗಿ ಒಂದೇ ಅಕ್ಷಾಂಶ ರೇಖಾಂಶ ಎರಡು ಮಾದರಿಗಳಲ್ಲಿ ನೂರಾರು ಮೀಟರ್ ಅಂತರದ ಎರಡು ಜಾಗಗಳನ್ನು ತೋರಿಸಬಹುದು. ‘ಇದು ಎಲ್ಲಿದೆ’ ಎಂಬ ಪ್ರಶ್ನೆಗೆ ‘ಯಾವ ಭೂಮಿಯ ಮೇಲೆ?’ ಎಂಬ ಮರುಪ್ರಶ್ನೆ ಹಾಕಬೇಕಾಗುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಆಮೇಲೆ ಬಂದದ್ದು ಪ್ರಕ್ಷೇಪ, ಅಂದರೆ ಉಬ್ಬಿದ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಬಗೆ. ಕಿತ್ತಳೆಯ ಸಿಪ್ಪೆಯನ್ನು ಹರಿಯದೆ ಮೇಜಿನ ಮೇಲೆ ಹರಡಲಾಗದು ಎಂಬ ಮಾತು ಎಲ್ಲ ತರಗತಿಗಳಲ್ಲೂ ಬರುತ್ತದೆ. ಅದರ ನಿಜವಾದ ರುಚಿ ಹತ್ತಿದ್ದು ಗ್ರೀನ್‌ಲ್ಯಾಂಡನ್ನು ಅಳೆದಾಗ. 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ಹಡಗಿನವರಿಗಾಗಿ ರಚಿಸಿದ ಪ್ರಕ್ಷೇಪದಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕ ಅದರ ಸುಮಾರು ಹದಿನಾಲ್ಕು ಪಟ್ಟು ದೊಡ್ಡದು. ಮರ್ಕೇಟರನ ತಪ್ಪೇನೂ ಇಲ್ಲ. ಅವನಿಗೆ ಬೇಕಾಗಿದ್ದುದು ದಿಕ್ಸೂಚಿ ತೋರಿಸಿದ ಕೋನ ನಕ್ಷೆಯಲ್ಲಿ ನೇರ ಗೆರೆಯಾಗಿ ಬರುವುದು, ಅದನ್ನು ಅವನು ಸಾಧಿಸಿದ. ವಿಸ್ತೀರ್ಣವನ್ನು ಬಲಿಕೊಟ್ಟು ಕೋನವನ್ನು ಉಳಿಸಿಕೊಂಡ. ಆ ಬಲಿಯ ಲೆಕ್ಕ ಮರೆತು ಅದೇ ನಕ್ಷೆಯ ಮೇಲೆ ಕಾಡಿನ ವಿಸ್ತೀರ್ಣ ಅಳೆಯಲು ಹೊರಟವರದು ತಪ್ಪು. ಆ ಸಾಲಿನಲ್ಲಿ ಆ ವರ್ಷ ನಾನೂ ಇದ್ದೆ.

ನಮ್ಮ ತರಗತಿ ಒಂದು ಸಂತೆ. ಭೂಗೋಳ ಓದಿದವರು, ಸಿವಿಲ್ ಇಂಜಿನಿಯರುಗಳು, ಕಂಪ್ಯೂಟರ್ ವಿಜ್ಞಾನದವರು, ಕೃಷಿ ಪದವೀಧರರು, ಒಬ್ಬ ಪುರಾತತ್ವದವನು. ಕಂಪ್ಯೂಟರ್ ವಿಜ್ಞಾನದವರಿಗೆ ನಕ್ಷೆ ಎಂದರೆ ಇನ್ನೊಂದು ಕೋಷ್ಟಕ. ಭೂಗೋಳದವರಿಗೆ ಪ್ರೋಗ್ರಾಂ ಎಂದರೆ ಜ್ವರ. ಪುರಾತತ್ವದವನಿಗೆ ಮಾತ್ರ ತನಗೆ ಏನು ಬೇಕೆಂಬುದು ಸ್ಪಷ್ಟವಾಗಿ ಗೊತ್ತಿತ್ತು: ಹಳೆಯ ನೆಲೆಗಳು ನೀರಿನಿಂದ ಎಷ್ಟು ದೂರದಲ್ಲಿ ಇರುತ್ತಿದ್ದವು ಎಂಬ ಒಂದೇ ಪ್ರಶ್ನೆ. ನಮ್ಮೆಲ್ಲರಿಗಿಂತ ಬೇಗ ಕಲಿತವನೂ ಅವನೇ. ತಂತ್ರಾಂಶವನ್ನು ತಂತ್ರಾಂಶಕ್ಕಾಗಿ ಕಲಿಯುತ್ತಿದ್ದ ನಾವು ಗುಂಡಿಗಳ ಹೆಸರು ಬಾಯಿಪಾಠ ಮಾಡುತ್ತಿದ್ದೆವು. ಅವನು ಬೇಕಾದ ಗುಂಡಿಯನ್ನು ಹುಡುಕಿಕೊಂಡು ಹೋಗುತ್ತಿದ್ದ.

ಈ ವಿದ್ಯೆ ಹುಟ್ಟಿದ್ದೂ ಹಾಗೆಯೇ, ಒಂದು ಬೇಕು ಮತ್ತು ಒಂದು ಕೈಲಾಗದಿರುವಿಕೆಯಿಂದ. ರೋಜರ್ ಟಾಮ್ಲಿನ್‌ಸನ್ ಎಂಬ ಭೂಗೋಳಜ್ಞರು ಕೆನಡದ ಒಂದು ವೈಮಾನಿಕ ಸಮೀಕ್ಷೆ ಸಂಸ್ಥೆಯಲ್ಲಿದ್ದಾಗ, ಪೂರ್ವ ಆಫ್ರಿಕದಲ್ಲಿ ಮರ ಬೆಳೆಸಲು ತಕ್ಕ ಜಾಗ ಹುಡುಕುವ ಕೆಲಸ ಬಂತು. ಇಳಿಜಾರಿನ ನಕ್ಷೆ, ಮಣ್ಣಿನ ನಕ್ಷೆ, ಮಳೆಯ ನಕ್ಷೆ, ರಸ್ತೆಯ ನಕ್ಷೆ ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ಕೈಯಿಂದ ಅಳೆಯುವುದಕ್ಕೆ ತಗಲುವ ಖರ್ಚು ನೋಡಿ ಆ ಕೆಲಸವನ್ನೇ ಕೈಬಿಡಬೇಕಾಯಿತು. ಕಂಪ್ಯೂಟರ್ ಮಾಡಬಾರದೇಕೆ ಎಂಬ ಹುಳ ಅವರ ತಲೆಯನ್ನು ಹೊಕ್ಕಿತು. 1962ರಲ್ಲಿ ವಿಮಾನ ಪ್ರಯಾಣವೊಂದರಲ್ಲಿ ಭೇಟಿಯಾದ ಲೀ ಪ್ರ್ಯಾಟ್ ಎಂಬ ಅಧಿಕಾರಿ ಕೆನಡದ ಭೂ ಸಂಪನ್ಮೂಲಗಳನ್ನೆಲ್ಲ ನಕ್ಷೆಗಿಳಿಸುವ ಯೋಜನೆಯ ಬಗ್ಗೆ ಹೇಳಿದರು. ಅದೂ ಕೈಯಿಂದ ಆಗದ ಕೆಲಸ. ಅಲ್ಲಿಂದ ಬೆಳೆದದ್ದು ಕೆನಡ ಭೌಗೋಳಿಕ ಮಾಹಿತಿ ವ್ಯವಸ್ಥೆ. ನಕ್ಷೆಗಳನ್ನು ಓದಿಕೊಳ್ಳಲು ಉರುಳೆಯಾಕಾರದ ದೊಡ್ಡ ಸ್ಕ್ಯಾನರನ್ನೇ ಹೊಸದಾಗಿ ಕಟ್ಟಿಸಬೇಕಾಯಿತು. ಈ ಕತೆಯಲ್ಲಿ ನನಗೆ ಇಷ್ಟವಾಗುವುದು ಒಂದು ಸಂಗತಿ: ಅವರಿಗೆ ಬೇಕಾಗಿದ್ದುದು ಸುಂದರ ನಕ್ಷೆಯಲ್ಲ, ಒಂದು ಮೊತ್ತ. ಇಷ್ಟು ಇಳಿಜಾರು, ಇಂಥ ಮಣ್ಣು, ಇಷ್ಟು ಮಳೆ, ಇವೆಲ್ಲ ಕೂಡಿಬರುವ ನೆಲ ಎಷ್ಟು?

ಇನ್ನೊಂದು ಕತೆ ಜಿಐಎಸ್‌ನ ಯಾವ ಪಾಠವೂ ಬಿಡದ್ದು, ವೈದ್ಯ ಜಾನ್ ಸ್ನೋ ಅವರ ಕಾಲರಾ ನಕ್ಷೆ. 1854ರಲ್ಲಿ ಲಂಡನ್ನಿನ ಸೋಹೋ ಪ್ರದೇಶದಲ್ಲಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಸ್ನೋ ಸಾವುಗಳನ್ನು ನಕ್ಷೆಯಲ್ಲಿ ಗುರುತಿಸಿದರು, ಅವು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಗುಂಪುಗೂಡಿದ್ದು ಕಂಡಿತು, ಪಂಪಿನ ಹಿಡಿಕೆ ತೆಗೆಸಿದರು, ರೋಗ ನಿಂತಿತು. ಹೀಗೆ ಹೇಳಿದರೆ ಕೇಳಲು ಚೆನ್ನ, ಆದರೆ ಘಟನೆಗಳ ಕ್ರಮ ಹೀಗಿರಲಿಲ್ಲ. ಹಿಡಿಕೆ ತೆಗೆದದ್ದು ಸೆಪ್ಟೆಂಬರ್ 8ರಂದು, ಪ್ರಸಿದ್ಧವಾದ ನಕ್ಷೆ ಬಂದದ್ದು ಆಮೇಲೆ. ಅಷ್ಟರಲ್ಲಿ ಜನ ಊರು ಬಿಟ್ಟು ಓಡಿದ್ದರಿಂದ ಸಾವುಗಳೂ ಇಳಿಮುಖವಾಗಿದ್ದವು. ಸ್ನೋ ಅವರಿಗೆ ಪಂಪಿನ ಮೇಲೆ ಅನುಮಾನ ಬಂದದ್ದು ಮನೆಮನೆಗೆ ಹೋಗಿ ಯಾರು ಎಲ್ಲಿಯ ನೀರು ಕುಡಿದರು ಎಂದು ಕೇಳಿದ್ದರಿಂದ. ಅವರ ವಾದಕ್ಕೆ ಗಟ್ಟಿ ಆಧಾರ ಸಿಕ್ಕಿದ್ದು ಪಂಪಿನ ಪಕ್ಕದಲ್ಲೇ ಇದ್ದೂ ಸಾಯದವರಿಂದ. ಹತ್ತಿರದ ಮದ್ಯದ ಕಾರ್ಖಾನೆಯ ಕೆಲಸಗಾರರು ಆ ನೀರನ್ನು ಮುಟ್ಟುತ್ತಲೇ ಇರಲಿಲ್ಲ, ಬಿಯರ್ ಕುಡಿಯುತ್ತಿದ್ದರು. ನಕ್ಷೆ ಆಮೇಲೆ ಬಂದ ಸಾಕ್ಷಿ, ಪತ್ತೆ ಹಚ್ಚಿದ್ದು ಕಾಲ್ನಡಿಗೆ. ನಮ್ಮ ಅಧ್ಯಾಪಕರು ಮೊದಲ ದಿನ ಸುಂದರವಾದ ಕತೆಯನ್ನೂ ಕೊನೆಯ ಸೆಮಿಸ್ಟರಿನಲ್ಲಿ ನಿಜವಾದ ಕತೆಯನ್ನೂ ಹೇಳಿದರು. ಮೊದಲೇ ಹೇಳಿದ್ದರೆ ಅರ್ಧ ತರಗತಿ ಖಾಲಿಯಾಗುತ್ತಿತ್ತೇನೋ.

ಎರಡನೆಯ ವರ್ಷ ಬಾವಿಗಳು ಮತ್ತೆ ಬಂದವು, ಈ ಸಲ ನೆಲದ ಮೇಲೆಯೇ. ಇನ್ನೂರು ಬಾವಿಗಳ ನೀರಿನ ಮಟ್ಟ ಗೊತ್ತಿದೆ, ನಡುವಿನ ಜಾಗಗಳಲ್ಲಿ ಎಷ್ಟಿರಬಹುದು ಎಂದು ಅಂದಾಜಿಸಬೇಕು. 1970ರಲ್ಲಿ ವಾಲ್ಡೋ ಟಾಬ್ಲರ್ ಡೆಟ್ರಾಯ್ಟ್ ನಗರದ ಬೆಳವಣಿಗೆಯ ಬಗ್ಗೆ ಬರೆದ ಲೇಖನದಲ್ಲಿ ಹೇಳಿದ, ಆಮೇಲೆ ಭೂಗೋಳದ ಮೊದಲ ನಿಯಮವೆಂದೇ ಹೆಸರಾದ ಮಾತೊಂದಿದೆ: ಎಲ್ಲಕ್ಕೂ ಎಲ್ಲದರೊಂದಿಗೆ ನಂಟಿದೆ, ಆದರೆ ಹತ್ತಿರದವುಗಳ ನಂಟು ದೂರದವುಗಳದ್ದಕ್ಕಿಂತ ಹೆಚ್ಚು. ಅಂದಾಜಿನ ಲೆಕ್ಕಗಳೆಲ್ಲ ನಿಂತಿರುವುದು ಈ ನಂಬಿಕೆಯ ಮೇಲೆ. ದಕ್ಷಿಣ ಆಫ್ರಿಕದ ಗಣಿ ಇಂಜಿನಿಯರ್ ಡ್ಯಾನಿ ಕ್ರಿಗೆ ಅವರ ಹೆಸರಿನಿಂದ ಬಂದ ಕ್ರಿಗಿಂಗ್ ಎಂಬ ವಿಧಾನ ಅವುಗಳಲ್ಲಿ ನಾಜೂಕಿನದು. ಅದು ಒಂದಲ್ಲ, ಎರಡು ನಕ್ಷೆ ಕೊಡುತ್ತದೆ. ಮೊದಲನೆಯದು ಎಲ್ಲಿ ಎಷ್ಟು ನೀರಿದೆ ಎಂಬ ಅಂದಾಜು. ಎರಡನೆಯದು ಆ ಅಂದಾಜು ಎಲ್ಲಿ ಎಷ್ಟು ತಪ್ಪಿರಬಹುದು ಎಂಬುದರ ನಕ್ಷೆ. ಬಾವಿಗಳ ಹತ್ತಿರ ತಿಳಿಬಣ್ಣ, ಬಾವಿಗಳಿಲ್ಲದ ಕಡೆ ಗಾಢಬಣ್ಣ. ನಮ್ಮ ಅಜ್ಞಾನಕ್ಕೇ ಒಂದು ನಕ್ಷೆ!

ಆ ಎರಡನೆಯ ನಕ್ಷೆಯನ್ನು ನಾನು ವರದಿಯಲ್ಲಿ ಹಾಕಲಿಲ್ಲ. ಪುಟ ಸಾಲದು ಎಂಬ ನೆಪವಿತ್ತು. ಮೊದಲನೆಯದು ನೀಲಿಯ ಏರಿಳಿತಗಳಲ್ಲಿ ಎಷ್ಟು ಚೆಂದ ಬಂದಿತ್ತೆಂದರೆ ಅದರ ಪಕ್ಕದಲ್ಲಿ ಅದರ ದೋಷಗಳ ಪಟ್ಟಿ ಇಡಲು ಮನಸ್ಸು ಬರಲಿಲ್ಲ. ಅಂಕಗಳೂ ಒಳ್ಳೆಯವೇ ಬಂದವು. ಕೆಲಸಕ್ಕೆ ಸೇರಿದ ಮೇಲೆ ಬೇರೆ ಬೇರೆ ಕಚೇರಿಗಳಲ್ಲಿ ಬೇರೆ ಬೇರೆ ಜನ ಇದನ್ನೇ ಮಾಡುವುದನ್ನು ನೋಡಿದ್ದೇನೆ. ಎರಡನೆಯ ನಕ್ಷೆಯನ್ನು ಯಾರೂ ಕೇಳುವುದಿಲ್ಲ, ನಾವಾಗಿಯೇ ಕೊಡುವುದೂ ಇಲ್ಲ.

ದೂರ ಸಂವೇದಿ ವಿಭಾಗದಲ್ಲಿ ಈ ಚಾಳಿಗೆ ಸ್ವಲ್ಪ ಮದ್ದು ಸಿಕ್ಕಿತು. ಉಪಗ್ರಹ ಚಿತ್ರದ ಪ್ರತಿ ಚೌಕಕ್ಕೂ ಕಾಡು, ಹೊಲ, ನೀರು, ಕಟ್ಟಡ ಎಂದು ಹೆಸರು ಕೊಡುವ ಕೆಲಸ ಅದು. ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ ಹಾರಿದ್ದು 1972ರಲ್ಲಿ. ಅಂದಿನಿಂದ ಸೇರುತ್ತ ಬಂದ ಚಿತ್ರಗಳನ್ನು ಎಲ್ಲರಿಗೂ ಉಚಿತವಾಗಿ ತೆರೆಯುವ ನಿರ್ಧಾರ 2008ರಲ್ಲಿ ಆಗದಿದ್ದರೆ ನನ್ನಂಥ ವಿದ್ಯಾರ್ಥಿಗೆ ಅರ್ಧ ಶತಮಾನದ ನೆಲದ ಬದಲಾವಣೆ ನೋಡುವ ಭಾಗ್ಯವೇ ಇರುತ್ತಿರಲಿಲ್ಲ. ನಾನು ಬಳಸಿದ ಚಿತ್ರದ ಒಂದು ಚೌಕ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಒಂದು ಮನೆ, ಅಂಗಳ, ನಾಲ್ಕು ತೆಂಗಿನ ಮರ, ಅರ್ಧ ರಸ್ತೆ ಎಲ್ಲ ಸೇರಿ ಒಂದೇ ಬಣ್ಣ. ನನ್ನ ವರ್ಗೀಕರಣದಲ್ಲಿ ಗುಡ್ಡದ ಉತ್ತರದ ಮಗ್ಗುಲಲ್ಲಿ ಒಂದು ಕೆರೆ ಕಾಣಿಸಿತು. ಜಿಪಿಎಸ್ ಹಿಡಿದು ಎರಡು ಗಂಟೆ ಹತ್ತಿ ನೋಡಿದರೆ ಅಲ್ಲಿ ಕೆರೆಯಿಲ್ಲ, ಗುಡ್ಡದ ನೆರಳು. ನೀರೂ ನೆರಳೂ ಬೆಳಕನ್ನು ಬಹಳ ಕಡಿಮೆ ಹಿಂದಿರುಗಿಸುತ್ತವೆ, ಉಪಗ್ರಹಕ್ಕೆ ಎರಡೂ ಕಪ್ಪೇ. ನನ್ನ ಒಟ್ಟಾರೆ ನಿಖರತೆಯ ಅಂಕಿ ಮಾತ್ರ ಚೆನ್ನಾಗಿಯೇ ಇತ್ತು. ಆ ಅಂಕಿಯ ಗುಟ್ಟು ಆಗ ಅರ್ಥವಾಯಿತು. ಪ್ರದೇಶದ ನೂರಕ್ಕೆ ತೊಂಬತ್ತು ಭಾಗ ಹೊಲವಾಗಿದ್ದರೆ, ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಹೊಲ ಎಂದವನಿಗೂ ಶೇಕಡ 90 ನಿಖರತೆ ಸಿಗುತ್ತದೆ. ಇರುವ ಒಂದೆರಡು ಕೆರೆಗಳಲ್ಲಿ ಎಷ್ಟನ್ನು ಸರಿಯಾಗಿ ಹಿಡಿದೆ ಎಂದು ಬೇರೆಯಾಗಿ ಕೇಳಬೇಕು. ಇದಕ್ಕೆ ಗೊಂದಲ ಕೋಷ್ಟಕ ಎಂಬ ಅಂದವಾದ ಹೆಸರಿದೆ. ಜೀವನದ ಬೇರೆ ವಿಭಾಗಗಳಿಗೂ ಒಂದೊಂದು ಇದ್ದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ.

ಪದವಿ ಮುಗಿಯಿತು. ಕೆಲಸ ಹುಡುಕುವಾಗ ತಿಳಿದದ್ದು, ಈ ವಿಷಯದ ಕೆಲಸಗಳಲ್ಲಿ ಹಲವಕ್ಕೆ ಜಿಐಎಸ್ ಎಂಬ ಹೆಸರೇ ಇರುವುದಿಲ್ಲ ಎಂದು. ಜಿಐಎಸ್ ತಂತ್ರಜ್ಞ, ಜಿಐಎಸ್ ವಿಶ್ಲೇಷಕ ಎಂಬ ಹುದ್ದೆಗಳು ಇವೆ, ಆದರೆ ಅಷ್ಟನ್ನೇ ಹುಡುಕುವವರು ಬೇಗ ಸೋಲುತ್ತಾರೆ. ದತ್ತಾಂಶ ಇಂಜಿನಿಯರ್, ಪ್ರವಾಹ ಮಾದರಿಗಾರ, ಜಾಲ ಯೋಜಕ, ಸಾಂಕ್ರಾಮಿಕ ರೋಗಗಳ ವಿಶ್ಲೇಷಕ ಇಂಥ ಹೆಸರುಗಳ ಒಳಗೆ ಅದು ಅಡಗಿರುತ್ತದೆ. ನನಗೆ ಸಿಕ್ಕಿದ್ದು ನೀರು ಸರಬರಾಜಿನ ಹಳೆಯ ಕಾಗದದ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸುವ ಒಂದು ಗುತ್ತಿಗೆ ಕಚೇರಿಯಲ್ಲಿ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ವಿಶ್ವವಿದ್ಯಾಲಯ ಕಲಿಸದ್ದನ್ನು ಕಲಿತದ್ದು ಇಲ್ಲಿಯೇ. ಕಾಗದದ ನಕ್ಷೆಯಲ್ಲಿ ಕೊಳವೆಯ ಗೆರೆ ಕವಾಟದ, ಅಂದರೆ ವಾಲ್ವಿನ, ಚಿಹ್ನೆಗೆ ಮುಟ್ಟಿದಂತೆ ಕಾಣುತ್ತದೆ. ಅದರ ಮೇಲೆ ಗೆರೆ ಎಳೆಯುವವಳ ಕೈ ತುಸು ಜಾರಿದರೆ ಕೊಳವೆಗೂ ಕವಾಟಕ್ಕೂ ನಡುವೆ ಐದು ಸೆಂಟಿಮೀಟರ್ ಬಿರುಕು ಉಳಿಯುತ್ತದೆ. ಪರದೆಯ ಮೇಲೆ ಕಾಣದು, ಮುದ್ರಿಸಿದರೂ ಕಾಣದು. ಆದರೆ ಈ ಕವಾಟ ಮುಚ್ಚಿದರೆ ಯಾವ ಮನೆಗಳಿಗೆ ನೀರು ನಿಲ್ಲುತ್ತದೆ ಎಂದು ಕಂಪ್ಯೂಟರನ್ನು ಕೇಳಿದಾಗ ಅದು ಆ ಬಿರುಕಿನ ತನಕ ಬಂದು ನಿಂತುಬಿಡುತ್ತದೆ. ಅದರ ಲೆಕ್ಕದಲ್ಲಿ ಆಚೆಗೆ ನೀರೇ ಹರಿಯುವುದಿಲ್ಲ. ಹತ್ತಿರದ ತುದಿಗಳನ್ನು ತಾನಾಗಿಯೇ ಅಂಟಿಸು ಎಂದು ಒಂದು ಮಿತಿ ಕೊಡಬಹುದು. ಮಿತಿಯನ್ನು ಅರ್ಧ ಮೀಟರಿಗೆ ಏರಿಸಿದ ದಿನ ಬಿರುಕುಗಳೆಲ್ಲ ಮಾಯವಾದವು, ಜೊತೆಗೆ ರಸ್ತೆಯ ಕೆಳಗೆ ಅಕ್ಕಪಕ್ಕ ಸಾಗುವ ಎರಡು ಬೇರೆ ಬೇರೆ ಕೊಳವೆಗಳೂ ಒಂದಾಗಿಬಿಟ್ಟವು. ಆ ಮಿತಿ ಎಷ್ಟಿರಬೇಕು ಎಂಬುದು ಯಾವ ಪಠ್ಯದಲ್ಲೂ ಇರಲಿಲ್ಲ. ಕೊಳವೆಗಳನ್ನು ಎಷ್ಟು ಅಂತರದಲ್ಲಿ ಹೂಳುತ್ತಾರೆ ಎಂದು ಹೂಳಿದವರನ್ನು ಕೇಳಬೇಕಿತ್ತು.

ಹಾಗೆ ಕೇಳಲು ಹೋಗಿ ಒಬ್ಬ ಹಿರಿಯ ಫಿಟ್ಟರ್ ಪರಿಚಯವಾದರು. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದವು. ಕುಳ್ಳಗಿನ ಮನುಷ್ಯ, ಕಡಿಮೆ ಮಾತು. ನಾನು ಮುದ್ರಿಸಿಕೊಂಡು ಹೋದ ನಕ್ಷೆಯನ್ನು ತಿರುಗಿಸಿ ಹಿಡಿದರು. ಉತ್ತರ ಮೇಲಿರಬೇಕು ಎಂಬ ನಮ್ಮ ಕಟ್ಟುಪಾಡು ಅವರಿಗೆ ಬೇಕಿರಲಿಲ್ಲ, ತಾವು ನಿಂತ ದಿಕ್ಕು ಮೇಲಿದ್ದರೆ ಸಾಕು.

‘ಏನಮ್ಮಾ, ಈ ಕವಾಟವನ್ನು ಇಲ್ಲಿಗೆ ಯಾರು ತಂದರು?’ ಎಂದರು.

‘ಹಳೆಯ ನಕ್ಷೆಯಲ್ಲಿ ಹಾಗೇ ಇದೆ ಸಾರ್.’

‘ಹಾಗೆ ಹಾಕಬೇಕೆಂದು ಬರೆದ ನಕ್ಷೆ ಅದು. ಹಾಕುವಾಗ ಬಂಡೆ ಅಡ್ಡ ಬಂತು.’

ಯೋಜಿಸಿದ್ದರ ನಕ್ಷೆ ಬೇರೆ, ಕಟ್ಟಿದ್ದರ ನಕ್ಷೆ ಬೇರೆ. ನಮಗೆ ಸಿಕ್ಕಿದ್ದು ಮೊದಲನೆಯದು, ಎರಡನೆಯದು ಅವರ ತಲೆಯಲ್ಲಿತ್ತು. ಆ ಮಧ್ಯಾಹ್ನ ಅವರು ಹದಿನೇಳು ಕವಾಟಗಳನ್ನು ಸರಿಸಿದರು. ಒಂದೊಂದಕ್ಕೂ ಗುರುತು ಹೇಳುತ್ತಿದ್ದರು, ನಾನು ಅವರ ಮಾತನ್ನು ಅವರು ಆಡಿದ ಹಾಗೆಯೇ ಕೋಷ್ಟಕದ ‘ಷರಾ’ ಎಂಬ ಅಂಕಣದಲ್ಲಿ ಬರೆದುಕೊಳ್ಳುತ್ತ ಹೋದೆ.

ಓದುತ್ತಿರುವವರು ನನ್ನನ್ನು ಕೇಳುವುದು ಬೇರೆ ವಿಷಯ: ಯಾವ ತಂತ್ರಾಂಶ ಕಲಿಯಬೇಕು? ನನ್ನ ಉತ್ತರದಿಂದ ಅವರಿಗೆ ನಿರಾಸೆಯಾಗುತ್ತದೆ. ಯಾವುದಾದರೂ ಸರಿ. 2002ರಲ್ಲಿ ಗ್ಯಾರಿ ಶೆರ್ಮನ್ ಆರಂಭಿಸಿದ ಕ್ಯುಜಿಐಎಸ್ ಉಚಿತವಾಗಿಯೇ ಸಿಗುತ್ತದೆ, ಒಂದು ಪದವಿಗೆ ಬೇಕಾದುದೆಲ್ಲ ಅದರಲ್ಲಿದೆ. ಕಚೇರಿಯಲ್ಲಿ ಬೇರೆಯದಿದ್ದರೆ ಎರಡು ವಾರದಲ್ಲಿ ಕೈ ಒಗ್ಗುತ್ತದೆ. ಒಗ್ಗದೆ ಉಳಿಯುವುದು ದತ್ತಾಂಶ ಕೋಶದ ವಿದ್ಯೆ. ತರಗತಿಯಲ್ಲಿ ಎಲ್ಲರೂ ಆಕಳಿಸುತ್ತ ಕುಳಿತ ವಿಷಯ ಅದು. ದತ್ತಾಂಶ ಕೋಶವನ್ನು ಪ್ರಶ್ನಿಸುವ ಭಾಷೆಯಾದ ಎಸ್‌ಕ್ಯುಎಲ್ ಬಲ್ಲವರನ್ನು, ಒಂದೇ ಕೆಲಸವನ್ನು ನೂರು ಸಲ ಮಾಡುವ ಬದಲು ಪೈಥಾನ್‌ನಲ್ಲಿ ಹತ್ತು ಸಾಲು ಬರೆದು ಮುಗಿಸುವವರನ್ನು ಯಾವ ಕಚೇರಿಯೂ ಬಿಟ್ಟುಕೊಡುವುದಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ ಜಿಐಎಸ್ ಜೊತೆಗೆ ಇನ್ನೊಂದು ವಿಷಯ ಇರಬೇಕು. ನೀರು, ಕಾಡು, ರೋಗ, ಸಾರಿಗೆ, ವಿಮೆ, ಯಾವುದೋ ಒಂದು. ಬರೀ ಜಿಐಎಸ್ ಬಲ್ಲವರು ಬರೀ ವ್ಯಾಕರಣ ಬಲ್ಲವರಂತೆ, ತಪ್ಪಿಲ್ಲದೆ ಬರೆಯುತ್ತಾರೆ, ಬರೆಯಲು ಏನೂ ಇರುವುದಿಲ್ಲ. ನಮ್ಮ ಪುರಾತತ್ವದವನು ನೆನಪಿಗೆ ಬರುವುದು ಇಂಥಲ್ಲಿಯೇ.

ಸಹಪಾಠಿಯೊಬ್ಬಳು ಆರೋಗ್ಯ ಸೇವೆಗಳ ಯೋಜನೆಯಲ್ಲಿದ್ದಾಳೆ. ಆಸ್ಪತ್ರೆಯ ಸುತ್ತ ಐದು ಕಿಲೋಮೀಟರಿನ ವೃತ್ತ ಎಳೆದು ಒಳಗಿರುವ ಹಳ್ಳಿಗಳಿಗೆಲ್ಲ ಸೇವೆ ಮುಟ್ಟಿದೆ ಎಂದು ವರದಿ ಬರೆಯುವುದು ಸುಲಭ. ಅವಳು ವೃತ್ತದೊಳಗೆ ಹರಿಯುವ ನದಿಯನ್ನು ನೋಡಿ, ಸೇತುವೆ ಎಲ್ಲಿದೆ ಎಂದು ಕೇಳುತ್ತಾಳೆ. ಆಚೆ ದಡದ ಹಳ್ಳಿಗೆ ನೇರ ದೂರ ಎರಡು ಕಿಲೋಮೀಟರ್, ರಸ್ತೆಯಲ್ಲಿ ಹದಿನೆಂಟು. ಇನ್ನೊಬ್ಬ ಪ್ರವಾಹದ ಅಪಾಯ ಲೆಕ್ಕ ಹಾಕುತ್ತಾನೆ. ಅವನ ಜಗಳವೆಲ್ಲ ಎತ್ತರದ ದತ್ತಾಂಶದ ಜೊತೆ. 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯೊಂದು ಹನ್ನೊಂದು ದಿನಗಳಲ್ಲಿ ರೇಡಾರ್‌ನಿಂದ ಭೂಮಿಯ ಬಹುಭಾಗದ ಎತ್ತರ ಅಳೆಯಿತು. ಇಂದಿಗೂ ಹಲವು ಕಡೆ ಅದನ್ನೇ ಬಳಸುತ್ತಾರೆ. ಎತ್ತರದಲ್ಲಿ 16 ಮೀಟರ್ ತನಕ ತಪ್ಪಿರಬಹುದು ಎಂಬುದು ಆ ಯೋಜನೆ ತನಗೇ ಹಾಕಿಕೊಂಡಿದ್ದ ಮಿತಿ. ನಿಜದಲ್ಲಿ ಅದಕ್ಕಿಂತ ಚೆನ್ನಾಗಿಯೇ ಬಂತು, ಆದರೆ ದಟ್ಟ ಕಾಡಿನಲ್ಲಿ ರೇಡಾರ್ ನೆಲವನ್ನು ಮುಟ್ಟದೆ ಎಲೆಗಳ ಚಪ್ಪರದಿಂದಲೇ ಹಿಂದಿರುಗಿತು. ಇಂಥ ದತ್ತಾಂಶ ಹಿಡಿದುಕೊಂಡು ಒಂದು ಬೀದಿಗೆ ಅರ್ಧ ಮೀಟರ್ ನೀರು ಬರುತ್ತದೋ ಇಲ್ಲವೋ ಹೇಳು ಎಂದು ಮೇಲಿನವರು ಕೇಳುತ್ತಾರೆ. ಅವನ ಕೆಲಸದ ಅರ್ಧ ಭಾಗ ‘ಹೇಳಲಾಗದು’ ಎಂಬುದನ್ನು ಮರ್ಯಾದೆಯಿಂದ ಬರೆಯುವುದು.

ಗೆರೆ ಎಳೆಯುವ ಕೆಲಸದ ಭವಿಷ್ಯದ ಬಗ್ಗೆ ಎಲ್ಲರಿಗೂ ಆತಂಕವಿದೆ, ಅದು ಸುಳ್ಳಲ್ಲ. 2018ರಲ್ಲಿ ಮೈಕ್ರೋಸಾಫ್ಟ್ ಅಮೆರಿಕದ ಸುಮಾರು 12.5 ಕೋಟಿ ಕಟ್ಟಡಗಳ ಹೊರಗೆರೆಗಳನ್ನು ಯಂತ್ರ ಕಲಿಕೆಯಿಂದ ತೆಗೆದು ಎಲ್ಲರಿಗೂ ಬಿಟ್ಟುಕೊಟ್ಟಿತು. ನಾನು ವಾರಕ್ಕೆ ಎಷ್ಟು ಕಟ್ಟಡ ಎಳೆಯುತ್ತಿದ್ದೆ ಎಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ. ಬೇಸರದ ಕೆಲಸ ಹೋಯಿತೆಂದು ಸಂತೋಷಪಡಬಹುದು. ನನ್ನ ಅನುಮಾನ ಬೇರೆ. ಆ ಬೇಸರದ ಕೆಲಸವೇ ನಮ್ಮ ಕಣ್ಣನ್ನು ಪಳಗಿಸಿತ್ತು. ಸಾವಿರ ಚಾವಣಿಗಳನ್ನು ಕೈಯಿಂದ ಎಳೆದವಳಿಗೆ ಚಿತ್ರ ಓರೆಯಾಗಿ ತೆಗೆದದ್ದರಿಂದ ಚಾವಣಿ ಬುಡದಿಂದ ಪಕ್ಕಕ್ಕೆ ವಾಲಿದ್ದು ಥಟ್ಟನೆ ಕಾಣುತ್ತದೆ. ಯಂತ್ರ ಎಳೆದದ್ದನ್ನು ತಪಾಸಣೆ ಮಾಡಲು ಜನ ಬೇಕು ಎನ್ನುತ್ತಾರೆ, ಸರಿ. ಏಣಿಯ ಕೆಳಗಿನ ಮೆಟ್ಟಿಲನ್ನೇ ಕಿತ್ತ ಮೇಲೆ ತಪಾಸಣೆ ಮಾಡುವವರು ಎಲ್ಲಿಂದ ಹತ್ತಿ ಬರುತ್ತಾರೆ? ವಿದ್ಯಾರ್ಥಿಗಳಿಗೆ ನಾನು ಯಾರು ಬೇಕಾದರೂ ಬಿಡಿಸಿ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಜಾಲತಾಣದ ನಕ್ಷೆಯಲ್ಲಿ ಒಂದಷ್ಟು ತಿಂಗಳು ಕೈಯಿಂದ ಗೆರೆ ಎಳೆಯಿರಿ ಎಂದು ಹೇಳುವುದು ಇದಕ್ಕೇ. 2010ರ ಜನವರಿಯಲ್ಲಿ ಹೈಟಿಯ ಭೂಕಂಪವಾದಾಗ ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಕೆಲವೇ ದಿನಗಳಲ್ಲಿ ಪೋರ್ಟ್ ಓ ಪ್ರಿನ್ಸ್ ನಗರದ ಬೀದಿಗಳನ್ನು ಅದರಲ್ಲಿ ಎಳೆದುಕೊಟ್ಟರು, ಪರಿಹಾರ ತಂಡಗಳು ಅದನ್ನು ಹಿಡಿದುಕೊಂಡು ಓಡಾಡಿದವು. ತಪ್ಪು ಎಳೆದರೆ ಬೇರೆ ಯಾರೋ ತಿದ್ದುತ್ತಾರೆ, ಏಕೆ ತಿದ್ದಿದೆ ಎಂದೂ ಬರೆಯುತ್ತಾರೆ. ಅಂಥ ಪಾಠಶಾಲೆ ಬೇರೆಲ್ಲಿ ಸಿಗುತ್ತದೆ?

ನೀರಿನ ಕಚೇರಿ ಬಿಟ್ಟು ಎರಡು ವರ್ಷವಾದ ಮೇಲೆ ಒಂದು ದಿನ ಅಲ್ಲಿಂದ ಫೋನ್ ಬಂತು. ಹೊಸದಾಗಿ ಸೇರಿದ ಹುಡುಗ, ಹಳೆಯ ಕೋಷ್ಟಕದಲ್ಲಿ ನನ್ನ ಹೆಸರು ನೋಡಿ ಕರೆ ಮಾಡಿದ್ದ.

‘ಮೇಡಂ, ನಾಲ್ಕು ಹೆಜ್ಜೆ ದಕ್ಷ ಎಂದರೇನು?’

ನನಗೂ ತಿಳಿಯಲಿಲ್ಲ. ಪೂರ್ತಿ ಓದಿ ಹೇಳು ಎಂದೆ. ಅವನು ಷರಾ ಅಂಕಣವನ್ನು ಓದಿದ: ‘ಕವಾಟ ನಕ್ಷೆಯಲ್ಲಿ ತೋರಿಸಿದ ಜಾಗದಲ್ಲಿ ಇಲ್ಲ. ರಸ್ತೆಯ ಆಚೆ ಬದಿ, ಮೊದಲಿದ್ದ ಮರದ ಬುಡದಿಂದ ನಾಲ್ಕು ಹೆಜ್ಜೆ ದಕ್ಷ’. ಅಲ್ಲಿಗೆ ಮುಗಿದಿತ್ತು.

ಯಾವ ಕಡತದಲ್ಲಿದೆ ಎಂದು ಕೇಳಿದೆ. ಶೇಪ್‌ಫೈಲ್ ಎಂದ. ಆಗ ಹೊಳೆಯಿತು. 1990ರ ದಶಕದ ಆ ಕಡತ ಮಾದರಿ ಇಂದಿಗೂ ಸತ್ತಿಲ್ಲ. ಒಂದು ಕಡತ ಎಂದು ಹೆಸರು, ನಿಜದಲ್ಲಿ ಕನಿಷ್ಠ ಮೂರು, ಅವುಗಳಲ್ಲಿ ಕೋಷ್ಟಕದ ಭಾಗ ಇನ್ನೂ ಹಳೆಯ ಡಿಬೇಸ್ ಎಂಬ ತಂತ್ರಾಂಶದ ಕಾಲದ್ದು. ಅಂಕಣದ ಹೆಸರಿಗೆ ಹತ್ತು ಬೈಟ್, ಅಂಕಣದ ಬರಹಕ್ಕೆ 254 ಬೈಟ್, ಅದರಾಚೆ ಒಂದು ಅಕ್ಷರಕ್ಕೂ ಜಾಗವಿಲ್ಲ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು. ಕಂಪ್ಯೂಟರು ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೆ, ಸ್ವರಚಿಹ್ನೆಗೂ ಒತ್ತಕ್ಷರ ಕೂಡಿಸುವ ವಿರಾಮಕ್ಕೂ ಬೇರೆ ಬೇರೆಯಾಗಿ, ಮೂರು ಬೈಟ್ ಬೇಕು. ‘ಷರಾ’ ಎಂಬ ಹೆಸರು ಒಂಬತ್ತು ಬೈಟುಗಳಲ್ಲಿ ಹೇಗೋ ತೂರಿಕೊಂಡಿತ್ತು. ಫಿಟ್ಟರ್ ಹೇಳಿದ್ದು ತೂರಲಿಲ್ಲ. ನಾನು ಬರೆದದ್ದು ಅಂಥ ಮಿತಿಯಿಲ್ಲದ ದತ್ತಾಂಶ ಕೋಶದಲ್ಲಿ. ಯಾರೋ ಯಾರಿಗೋ ಕಳಿಸಲು ಅದನ್ನು ಶೇಪ್‌ಫೈಲ್ ಮಾಡಿದಾಗ ಬಾಲ ಕತ್ತರಿಸಿತ್ತು, ಆಮೇಲೆ ಆ ಕತ್ತರಿಸಿದ ಪ್ರತಿಯೇ ಮೂಲವಾಗಿ ಉಳಿದಿತ್ತು. ಎಚ್ಚರಿಕೆಯ ಸಾಲೊಂದು ಪರದೆಯ ಮೇಲೆ ಬಂದೇ ಇರುತ್ತದೆ, ಯಾರು ಓದುತ್ತಾರೆ.

‘ದಕ್ಷಿಣಕ್ಕೆ’ ಎಂದೆ.

‘ಮರ ಯಾವುದು ಮೇಡಂ? ಅಲ್ಲಿ ಮರವೇ ಇಲ್ಲ.’

ನಾನು ಹೋದಾಗಲೂ ಇರಲಿಲ್ಲ. ಅವರು ಕೈ ತೋರಿಸಿದ್ದರು, ನಾನು ತಲೆಯಾಡಿಸಿದ್ದೆ. ಮರದ ನಿರ್ದೇಶಾಂಕ ಬರೆದುಕೊಳ್ಳಲು ನನಗೆ ಹೊಳೆದಿರಲೇ ಇಲ್ಲ. ಹಳೆಯ ವೈಮಾನಿಕ ಚಿತ್ರಗಳಿದ್ದರೆ ತೆಗೆದು ನೋಡು ಎಂದೆ. ಹುಡುಗ ಚುರುಕು. ಹತ್ತು ನಿಮಿಷದಲ್ಲಿ ರಸ್ತೆ ಅಗಲಿಸುವ ಮೊದಲಿನ ಒಂದು ಚಿತ್ರ ಹುಡುಕಿದ. ರಸ್ತೆಯ ಆಚೆ ಬದಿಯಲ್ಲಿ ಗುಂಡಗೆ, ಕಪ್ಪಗೆ ಒಂದು ಮರದ ತಲೆ, ಅದರ ಪಕ್ಕಕ್ಕೆ ಚಾಚಿಕೊಂಡ ನೆರಳು ಕಾಣುತ್ತಿದೆ ಎಂದ. ನೆರಳನ್ನು ಬಿಟ್ಟು ಮರದ ನಡುವೆ ಚುಕ್ಕೆ ಇಡು ಎಂದೆ. ಇಟ್ಟ. ಕೀಲಿಮಣೆಯ ಸದ್ದು ನಿಂತಿತು.

‘ನಾಲ್ಕು ಹೆಜ್ಜೆ ಎಂದರೆ ಎಷ್ಟು ಮೀಟರ್ ಹಾಕಲಿ?’

‘ಕುಳ್ಳಗಿದ್ದರು’ ಎಂದೆ. ‘ಎರಡೂವರೆ ಹಾಕಿಕೊಳ್ಳಪ್ಪ.’